ಹಿಮದ ಜೊತೆ ಜಲ್ಲಿಯೂ ಬರ್ತಿದೆಯಾ? ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ದೋಷ ನಿವಾರಣೆ ಕೈಪಿಡಿ

ನಾವಿರುವುದು ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ತುದಿಯಲ್ಲಿ, ಲೇಕ್ ಸುಪೀರಿಯರ್ ಒಳಗೆ ಚಾಚಿಕೊಂಡ ಕೀವಿನಾ ಪರ್ಯಾಯ ದ್ವೀಪದಲ್ಲಿ. ತಣ್ಣನೆಯ ಗಾಳಿ ಸರೋವರದ ಮೇಲೆ ಹಾದು ಬರುವಾಗ ತೇವ ಹೊತ್ತುಕೊಂಡು ಬಂದು ನಮ್ಮ ತಲೆ ಮೇಲೆ ಸುರಿಯುತ್ತದೆ. ಇಲ್ಲಿ ವರ್ಷಕ್ಕೆ 200 ಇಂಚು ಹಿಮ ಬಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. 1978-79ರ ಚಳಿಗಾಲದಲ್ಲಿ 390.4 ಇಂಚು ಬಿದ್ದಿತ್ತು. ಅದನ್ನು ತೋರಿಸಲು ಹೆದ್ದಾರಿ ಪಕ್ಕ ಒಂದು ದೊಡ್ಡ ಅಳತೆಗೋಲನ್ನೇ ನೆಟ್ಟಿದ್ದಾರೆ. ಮೊದಲ ಸಲ ಅದರ ಕೆಳಗೆ ನಿಂತಾಗ ನನಗೆ ಆಗುಂಬೆಯ ಮಳೆ ನೆನಪಾಯಿತು. ಆದರೆ ಮಳೆ ಹರಿದು ಹೋಗುತ್ತದೆ. ಇದನ್ನು ನಾವೇ ತಳ್ಳಬೇಕು.

ನಮ್ಮ ಮನೆಗೆ ರಸ್ತೆಯಿಂದ ಸುಮಾರು 300 ಅಡಿ ಜಲ್ಲಿ ದಾರಿ. ನನ್ನ ಹತ್ತಿರ 25 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರ್ ಇದೆ. ಮುಂದೆ ಲೋಡರ್ ಬಕೆಟ್, ಹಿಂದೆ ಒಂದೊಂದು ದಿನ ಬ್ಲೇಡ್ (ಹಿಮ ಬಳಿಯುವ ಬಾಗಿದ ಕಬ್ಬಿಣದ ಹಲಗೆ), ಒಂದೊಂದು ದಿನ ಪಿಟಿಓದಿಂದ (ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಕೊಡುವ ತಿರುಗುವ ದಂಡ) ನಡೆಯುವ, ಹಿಮವನ್ನು ಒಳಗೆಳೆದು ದೂರ ಎಸೆಯುವ ಸ್ನೋಬ್ಲೋವರ್. ಕೆಳಗೆ ಬರೆದಿರುವ ತಪ್ಪುಗಳಲ್ಲಿ ಹೆಚ್ಚಿನವನ್ನು ನಾನೇ ಮಾಡಿ, ದುಡ್ಡು ಕಳೆದುಕೊಂಡು ಕಲಿತಿದ್ದು.

ಮೊದಲೇ ಒಂದು ಮಾತು. ಡಾಂಬರು ಅಥವಾ ಕಾಂಕ್ರೀಟ್ ದಾರಿಯಲ್ಲಿ ನೆಲ ಕಾಣುವವರೆಗೆ ಬಳಿಯುತ್ತಾರೆ. ಜಲ್ಲಿ ದಾರಿಯಲ್ಲಿ ನೆಲ ಕಂಡಿತು ಅಂದರೆ ಅದೇ ದೋಷ. ನಮ್ಮೂರಲ್ಲಿ ಸುಗ್ಗಿಗೆ ಮುಂಚೆ ಕಣ ಮಾಡುತ್ತಿದ್ದರು ನೋಡಿ. ನೀರು ಹಾಕಿ, ಗುಂಡು ಉರುಳಿಸಿ, ಸಗಣಿ ಸಾರಿಸಿ, ಕಾಳಿಗೆ ಮಣ್ಣು ಸೇರದ ಹಾಗೆ ಗಟ್ಟಿ ಮಾಡುತ್ತಿದ್ದರು. ಇಲ್ಲೂ ಅದೇ ಕೆಲಸ. ಮೊದಲ ಎರಡು ಇಂಚು ಹಿಮವನ್ನೇ ತುಳಿದು ಗಟ್ಟಿ ಕಣ ಮಾಡಿಕೊಂಡು, ಆಮೇಲೆ ಬಿದ್ದಿದ್ದನ್ನು ಅದರ ಮೇಲಿಂದ ತಳ್ಳುವುದು. ಈ ಕಡೆಯವರು ಹಿಮವನ್ನು ತಟ್ಟಿ ಗಟ್ಟಿ ಮಾಡುವುದಕ್ಕೆ ‘ಪ್ಯಾಂಕ್’ ಎನ್ನುತ್ತಾರೆ. ಅಮೆರಿಕದ ಬೇರೆ ಕಡೆ ಹೋಗಿ ಆ ಮಾತು ಹೇಳಿದರೆ ಮುಖ ಮುಖ ನೋಡುತ್ತಾರೆ. ಕಣ ಸರಿ ಇದ್ದರೆ ಕೆಳಗಿನ ಅರ್ಧ ದೋಷ ಹುಟ್ಟುವುದೇ ಇಲ್ಲ.

ಲಕ್ಷಣ: ತಳ್ಳಿದ ಹಿಮದ ರಾಶಿ ಕಪ್ಪಗಿದೆ, ಅದರಲ್ಲಿ ಕಲ್ಲು ಕಾಣುತ್ತಿದೆ

ಎಲ್ಲರೂ ಮೊದಲು ನೋಡುವುದು ಇದನ್ನೇ. ಬಿಳಿ ರಾಶಿ ಇರಬೇಕಾದ ಕಡೆ ಮಾಸಲು ರಾಶಿ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಅದೇ ಕಲ್ಲು ಸಿಕ್ಕಿ ಪಟಪಟ ಹಾರುತ್ತದೆ.

ಪೈಸೆ ಖರ್ಚಿಲ್ಲದ ಪರೀಕ್ಷೆ: ಹಳೇ ಸ್ಕ್ರೂಡ್ರೈವರ್ ತಗೊಂಡು ದಾರಿಯ ಮೇಲೆ ಕೈಯಲ್ಲಿ ಒತ್ತಿ. ಸುಲಭವಾಗಿ ಒಳಗೆ ಇಳಿದರೆ ನೆಲ ಇನ್ನೂ ಹೆಪ್ಪುಗಟ್ಟಿಲ್ಲ. ಅಂಥ ನೆಲದ ಮೇಲೆ ಯಾವ ಉಪಕರಣ ಹಾಕಿದರೂ ಜಲ್ಲಿ ಬಂದೇ ಬರುತ್ತದೆ. ನವೆಂಬರಿನ ಮೊದಲ ಹಿಮದಲ್ಲಿ ಆಗುವುದು ಇದೇ. ಟ್ರ್ಯಾಕ್ಟರ್ ಒಳಗೇ ಇರಲಿ. ಮೂರು ನಾಲ್ಕು ಇಂಚು ಬಿದ್ದಿದ್ದರೆ ಕಾರನ್ನೇ ಹಿಂದೆ ಮುಂದೆ ಓಡಿಸಿ. ಪ್ರತಿ ಸಲ ಗಾಲಿ ಬೇರೆ ಜಾಗದಲ್ಲಿ ಬೀಳುವ ಹಾಗೆ ನೋಡಿಕೊಳ್ಳಿ. ರಾತ್ರಿ ಚಳಿಗೆ ಅದು ಬಿಗಿಯುತ್ತದೆ. ಒಂದೇ ಸಲಕ್ಕೆ ಒಂದಡಿ ಬಿದ್ದುಬಿಟ್ಟರೆ ಏನು ಮಾಡುವುದು? ಆಗ ಮೇಲಿನದನ್ನು ಮಾತ್ರ ತೆಗೆದು, ಕೆಳಗೆ ಮೂರು ಇಂಚು ಬಿಟ್ಟುಬಿಡಿ.

ನೆಲ ಗಟ್ಟಿ ಇದ್ದೂ ಕಲ್ಲು ಬರುತ್ತಿದ್ದರೆ ಬಕೆಟ್ಟಿನ ಕೋನ ನೋಡಿ. ಅಂಚು ಕೆಳಗೆ ಬಾಗಿದ್ದರೆ ಅದು ಉಳಿಯ ಹಾಗೆ ಕೆತ್ತುತ್ತದೆ. ಬಕೆಟ್ಟಿನ ಮೂತಿಯನ್ನು ಸ್ವಲ್ಪ ಮೇಲೆತ್ತಿ, ತಳದ ಹಿಂಭಾಗ ನೆಲಕ್ಕೆ ತಾಗುವ ಹಾಗೆ ಇಡಿ. ಆಗ ದೋಣಿಯ ಹಾಗೆ ಜಾರುತ್ತದೆ. ಲೋಡರ್ ಲಿವರ್‌ನಲ್ಲಿ ಫ್ಲೋಟ್ ಎಂಬ ಸ್ಥಾನ ಇರುತ್ತದೆ. ಅದರಲ್ಲಿ ಬಕೆಟ್ ತನ್ನ ಭಾರಕ್ಕೆ ನೆಲದ ಏರಿಳಿತ ಹಿಡಿದು ಹೋಗುತ್ತದೆ. ಗಟ್ಟಿ ಕಣದ ಮೇಲೆ ಇದು ಚೆನ್ನ. ಮೆತ್ತನೆ ಜಲ್ಲಿ ಮೇಲೆ ಆ ಭಾರವೇ ಸಾಕು ಅಗೆಯುವುದಕ್ಕೆ. ಇನ್ನೊಂದು ಎಚ್ಚರಿಕೆ. ಬಕೆಟ್ ಪೂರ್ತಿ ಕೆಳಮುಖ ಮಾಡಿಕೊಂಡು ಮುಂದಕ್ಕೆ ತಳ್ಳಬೇಡಿ. ಹೈಡ್ರಾಲಿಕ್ ಸಿಲಿಂಡರಿನ ಕಡ್ಡಿ ಆಗ ಪೂರ್ತಿ ಹೊರಗೆ ಬಂದಿರುತ್ತದೆ. ಒಂದು ಕಲ್ಲಿಗೆ ಬಡಿದರೂ ಬಗ್ಗಬಹುದು.

ಮುಂದಿನ ಹಂತಕ್ಕೆ ಸ್ವಲ್ಪ ಖರ್ಚಿದೆ. ಎರಡು ಇಂಚಿನ ಕಬ್ಬಿಣದ ಪೈಪನ್ನು ಉದ್ದಕ್ಕೆ ಸೀಳಿ, ಬಕೆಟ್ ಅಥವಾ ಬ್ಲೇಡಿನ ಅಂಚಿಗೆ ಟೋಪಿಯ ಹಾಗೆ ತೊಡಿಸಿ ಬೋಲ್ಟ್ ಹಾಕುವುದು. ಚೂಪು ಅಂಚು ದುಂಡಗಾಗುತ್ತದೆ, ಜಲ್ಲಿಯ ಮೇಲೆ ಜಾರುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ. ನಾನು ಮೊದಲು ಪ್ಲಾಸ್ಟಿಕ್ ಪೈಪಿನಲ್ಲಿ ಮಾಡಿದ್ದೆ. ಮೈನಸ್ 20 ಡಿಗ್ರಿ ಚಳಿಗೆ ಅದು ಹಪ್ಪಳದ ಹಾಗೆ ಮುರಿಯಿತು.

ಹಿಂದಿನ ಬ್ಲೇಡ್ ಇದ್ದವರಿಗೆ ಇನ್ನೂ ಸುಲಭ. ಪಿನ್ನು ತೆಗೆದು ಬ್ಲೇಡನ್ನು ಹಿಂದು ಮುಂದಾಗಿ ತಿರುಗಿಸಿ, ಉಬ್ಬಿದ ಬೆನ್ನು ಮುಂದೆ ಬರುವ ಹಾಗೆ. ಆಗ ಅದು ಕೆತ್ತುವುದಿಲ್ಲ, ಸವರಿಕೊಂಡು ಹೋಗುತ್ತದೆ. ಹಿಮ ಸ್ವಲ್ಪ ಉಳಿಯುತ್ತದೆ. ಉಳಿಯಲಿ, ನಮಗೆ ಬೇಕಾಗಿರುವುದೂ ಅದೇ ಅಲ್ವಾ.

ಇಷ್ಟೆಲ್ಲ ಮಾಡಿಯೂ ಕಲ್ಲು ಬಂದರೆ ತಪ್ಪು ಜಲ್ಲಿಯದ್ದು. ನದಿ ಕಲ್ಲಿನಂಥ ದುಂಡು ಜಲ್ಲಿ ಎಂದೂ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಒಡೆದ ಮುಕ್ಕಾಲು ಇಂಚಿನ ಜಲ್ಲಿಗೆ ಕ್ರಷರ್ ಪುಡಿ ಸೇರಿದ್ದರೆ ಮಾತ್ರ ಅದು ಬಿಗಿಯುತ್ತದೆ. ಇದಕ್ಕೆ ಚಳಿಗಾಲದಲ್ಲಿ ಮದ್ದಿಲ್ಲ. ಬೇಸಿಗೆಯಲ್ಲಿ ಮೇಲೆ ಪುಡಿ ಸೇರಿದ ಜಲ್ಲಿ ಹಾಕಿಸಿ ರೋಲರ್ ಹೊಡೆಸಬೇಕು.

ಲಕ್ಷಣ: ಒಂದು ಪಕ್ಕ ಅಗೆಯುತ್ತದೆ, ಇನ್ನೊಂದು ಪಕ್ಕ ತೇಲುತ್ತದೆ, ಅಥವಾ ದಾರಿ ಅಲೆ ಅಲೆಯಾಗುತ್ತದೆ

ಮೊದಲು ಟೈರುಗಳ ಗಾಳಿ ನೋಡಿ. ಚಳಿಗೆ ಗಾಳಿ ಕುಗ್ಗುತ್ತದೆ. ಒಂದು ಟೈರು ಇನ್ನೊಂದಕ್ಕಿಂತ ಇಳಿದಿದ್ದರೆ ಟ್ರ್ಯಾಕ್ಟರೇ ವಾಲಿರುತ್ತದೆ, ಜೊತೆಗೆ ಬ್ಲೇಡೂ.

ಗಾಳಿ ಸರಿ ಇದ್ದರೆ, ಗ್ಯಾರೇಜಿನ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ ಬ್ಲೇಡನ್ನು ನಿಧಾನ ಇಳಿಸಿ. ಎರಡೂ ತುದಿ ಒಟ್ಟಿಗೆ ತಾಗಬೇಕು. ತಾಗದಿದ್ದರೆ ಹಿಂದಿನ ಲಿಫ್ಟಿನ ಒಂದು ಕೈಗೆ (ಹೆಚ್ಚಿನವುಗಳಲ್ಲಿ ಬಲಗಡೆಯದ್ದು) ಉದ್ದ ಹೆಚ್ಚುಕಡಿಮೆ ಮಾಡುವ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿ ಮಟ್ಟ ಮಾಡಿ.

ಸ್ನೋಬ್ಲೋವರಿನ ಅಥವಾ ಮುಂದಿನ ಬ್ಲೇಡಿನ ಕೆಳಗೆ ಎರಡು ಪಕ್ಕ ಸ್ಕಿಡ್ ಶೂ ಇರುತ್ತವೆ. ಜಾರುವ ಪಾದ ಅಂದುಕೊಳ್ಳಿ. ಜಲ್ಲಿ ದಾರಿಗೆ ಅಂಚು ನೆಲದಿಂದ ಒಂದರಿಂದ ಒಂದೂವರೆ ಇಂಚು ಮೇಲಿರಬೇಕು. ಅಳೆಯುವ ಸುಲಭ ದಾರಿ ಹೇಳುತ್ತೇನೆ. ಇಲ್ಲಿ ಟೂ ಬೈ ಫೋರ್ ಎಂದು ಮರದ ಪಟ್ಟಿ ಮಾರುತ್ತಾರೆ. ಹೆಸರಿಗೆ ಎರಡು ಇಂಚು, ಅಳೆದರೆ ಒಂದೂವರೆ. ಆ ಮೋಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಂಚಿನ ಎರಡೂ ತುದಿಗೆ ಒಂದೊಂದು ತುಂಡು ಮಲಗಿಸಿ ಇಟ್ಟು, ಉಪಕರಣ ಇಳಿಸಿ, ಎಂಜಿನ್ ಆರಿಸಿ. ಶೂಗಳ ಬೋಲ್ಟ್ ಸಡಿಲಿಸಿ. ಅವು ನೆಲಕ್ಕೆ ಇಳಿಯುತ್ತವೆ, ಅಲ್ಲಿಯೇ ಬಿಗಿ ಮಾಡಿ. ಸವೆದ ಶೂಗೆ ಒಳಗೂ ಹೊರಗೂ ತಿರುಗಿಸಿ ಹಾಕುವ ಅನುಕೂಲ ಇದ್ದರೆ ತಿರುಗಿಸಿ. ಇಲ್ಲದಿದ್ದರೆ ಹೊಸದು ಕೊಳ್ಳಿ.

ಅಲೆ ಬೀಳುವುದಕ್ಕೆ ಬೇರೆ ಕಾರಣ. ಸಣ್ಣ ಟ್ರ್ಯಾಕ್ಟರಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ದೂರ ಕಡಿಮೆ. ಮುಂದಿನ ಗಾಲಿ ಗುಂಡಿಗೆ ಇಳಿದರೆ ಹಿಂದಿನ ಬ್ಲೇಡ್ ಏಳುತ್ತದೆ, ಉಬ್ಬು ಹತ್ತಿದರೆ ಬ್ಲೇಡ್ ಕಚ್ಚುತ್ತದೆ. ವೇಗ ಜಾಸ್ತಿ ಆದಷ್ಟೂ ಕುಣಿತ ಜಾಸ್ತಿ. ನಡೆಯುವ ವೇಗಕ್ಕೆ ಇಳಿಸಿ ನೋಡಿ. ಟಾಪ್ ಲಿಂಕನ್ನು (ಟ್ರ್ಯಾಕ್ಟರಿಗೂ ಬ್ಲೇಡಿಗೂ ನಡುವೆ ಮೇಲ್ಗಡೆ ಇರುವ ಸ್ಕ್ರೂ ಕಡ್ಡಿ) ಒಂದೆರಡು ಸುತ್ತು ಉದ್ದ ಮಾಡಿ ಬ್ಲೇಡಿನ ಹಿಡಿತ ಸಡಿಲಿಸಿ. ಕುಂಟೆ ಹೊಡೆದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಮೇಲೆ ಭಾರ ಹಾಕಿದರೆ ಆಳಕ್ಕೆ ಇಳಿಯುತ್ತದೆ, ಬಿಟ್ಟರೆ ಮೇಲೆ ಬರುತ್ತದೆ.

ಲಕ್ಷಣ: ‘ಠಣ್’ ಎಂಬ ಸದ್ದು, ಆಮೇಲೆ ಸ್ನೋಬ್ಲೋವರ್ ಹಿಮ ಎಸೆಯುತ್ತಿಲ್ಲ

ಹತ್ತಿರ ಹೋಗುವ ಮುಂಚೆ ಈ ಸಾಲು ಓದಿ. ಪಿಟಿಓ ಬಿಡಿಸಿ, ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿ, ಎಲ್ಲ ತಿರುಗುವುದು ನಿಲ್ಲುವವರೆಗೆ ಸೀಟಿನಲ್ಲೇ ಕೂತಿರಿ. ಪಿಟಿಓ ನಿಮಿಷಕ್ಕೆ 540 ಸುತ್ತು, ಅಂದರೆ ಒಂದು ಸೆಕೆಂಡಿಗೆ ಒಂಬತ್ತು ಸುತ್ತು. ಕತ್ತಿಗೆ ಸುತ್ತಿದ ಮಫ್ಲರಿನ ತುದಿ ಸಿಕ್ಕಿದರೆ ಬಿಡಿಸಿಕೊಳ್ಳುವ ಹೊತ್ತು ಇರುವುದಿಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಕವಚ ಹಾಕಿಸಿಕೊಂಡು ಬನ್ನಿ. ಹಿಮ ಕಾಯುತ್ತದೆ.

ಈಗ ನೋಡಿ. ಹಿಂದಿನ ಫ್ಯಾನ್ ತಿರುಗುತ್ತಿತ್ತು, ಮುಂದಿನ ಸುರುಳಿ (ಆಗರ್) ನಿಂತಿತ್ತು ಅಂದರೆ ಸುರುಳಿಯ ಶಿಯರ್ ಪಿನ್ ಮುರಿದಿದೆ. ಎರಡೂ ನಿಂತಿದ್ದರೆ ಪಿಟಿಓ ಶಾಫ್ಟಿನ ಕಡೆಯ ಪಿನ್ ಹೋಗಿರಬಹುದು. ಕಾರಣ ಬಹಳ ಸಲ ಒಂದು ಕಲ್ಲು, ಇಲ್ಲವೇ ರಸ್ತೆಯ ಹಿಮ ತಳ್ಳುವ ಲಾರಿ (ಪ್ಲೋ) ತಂದು ಹಾಕಿದ ಮಂಜುಗಡ್ಡೆ, ಇಲ್ಲವೇ ಹಿಮದಡಿ ಹೂತುಹೋದ ಪತ್ರಿಕೆಯ ಕಟ್ಟು. ಸಿಕ್ಕಿದ್ದನ್ನು ಕೋಲಿನಿಂದ ತೆಗೆಯಿರಿ. ಕೈ ಹಾಕಬೇಡಿ. ಎಂಜಿನ್ ನಿಂತಿದ್ದರೂ ಸಿಕ್ಕಿಕೊಂಡ ಸುರುಳಿಯಲ್ಲಿ ಬಿಗಿ ಉಳಿದಿರಬಹುದು. ಕಲ್ಲು ತೆಗೆದ ಕೂಡಲೇ ಅದು ಒಂದು ತಿರುವು ತಿರುಗಿಬಿಡುತ್ತದೆ.

ಶಿಯರ್ ಪಿನ್ ಮುರಿಯಲೆಂದೇ ಮಾಡಿದ ಬೋಲ್ಟ್. ಅದು ಮುರಿದು ಗೇರ್‌ಬಾಕ್ಸನ್ನು ಉಳಿಸುತ್ತದೆ. ಒಂದು ಭಾನುವಾರ ಪಿನ್ನು ಸಿಗದೆ ನಾನು ಡಬ್ಬಿಯಲ್ಲಿದ್ದ ಗಟ್ಟಿ ಬೋಲ್ಟ್ ಹಾಕಿಬಿಟ್ಟೆ. ಮುಂದಿನ ಕಲ್ಲಿಗೆ ಬೋಲ್ಟ್ ಮುರಿಯಲಿಲ್ಲ, ಗೇರಿನ ಹಲ್ಲು ಮುರಿಯಿತು. ಕೆಲವೇ ಡಾಲರಿನ ಪಿನ್ನು ಉಳಿಸಲು ಹೋಗಿ ಹೊಸ ಗೇರ್‌ಬಾಕ್ಸ್ ಕೊಂಡೆ. ಆ ಸುದ್ದಿ ಮನೆಯಲ್ಲಿ ಇನ್ನೂ ಆಗಾಗ ಬರುತ್ತದೆ. ಪುಸ್ತಕದಲ್ಲಿ ಹೇಳಿದ ಅಳತೆಯ, ಹೇಳಿದ ಗ್ರೇಡಿನ ಪಿನ್ನುಗಳನ್ನು ಅಕ್ಟೋಬರಿನಲ್ಲೇ ಹತ್ತು ತಂದಿಟ್ಟುಕೊಳ್ಳಿ. ಎರಡನ್ನು ಟ್ರ್ಯಾಕ್ಟರಿನಲ್ಲೇ ಇಡಿ.

ಹೊಸ ಪಿನ್ನು ಹಾಕಿದ ಕೂಡಲೇ, ಕಲ್ಲೇ ಇಲ್ಲದೆ ಮತ್ತೆ ಮುರಿದರೆ ನಿಲ್ಲಿಸಿ. ಗೇರ್‌ಬಾಕ್ಸಿನ ಕೆಳಗೆ ಎಣ್ಣೆ ಸೋರಿದ್ದರೆ, ಶಾಫ್ಟ್ ಅಲುಗಾಡಿ ನಡುಗುತ್ತಿದ್ದರೆ, ಸುರುಳಿ ಕೈಯಲ್ಲಿ ತಿರುಗಿಸುವಾಗ (ಶಾಫ್ಟ್ ಕಳಚಿದ ಮೇಲೆ) ಕರಕರ ಅಂದರೆ ಮೆಕ್ಯಾನಿಕ್ ಹತ್ತಿರ ಹೋಗಬೇಕು.

ಜಲ್ಲಿ ದಾರಿಯಲ್ಲಿ ಬ್ಲೋವರ್ ಓಡಿಸುವಾಗ ಇನ್ನೊಂದು ಅಪಾಯ ಇದೆ. ಒಳಗೆ ಹೋದ ಕಲ್ಲು ಚಿಮಣಿಯಿಂದ (ಬ್ಲೋವರ್ ಹಿಮ ಹೊರಗೆ ಎಸೆಯುವ ಕೊಳವೆ) ಕವಣೆ ಕಲ್ಲಿನ ಹಾಗೆ ಹೊರಬರುತ್ತದೆ. ಮನೆ, ಕಾರು, ಪಕ್ಕದ ಮನೆಯ ಕಿಟಕಿ, ಮಕ್ಕಳು ಯಾರ ಕಡೆಗೂ ಬಾಯಿ ತಿರುಗಿರಬಾರದು.

ಲಕ್ಷಣ: ಚಿಮಣಿ ಕಟ್ಟಿಕೊಳ್ಳುತ್ತಿದೆ, ಹಿಮ ಗಂಜಿಯ ಹಾಗೆ ಸುರಿಯುತ್ತಿದೆ

ಸಾಮಾನ್ಯವಾಗಿ ಹೊಸ ಹಿಮ ಹತ್ತು ಇಂಚು ಕರಗಿದರೆ ಸುಮಾರು ಒಂದು ಇಂಚು ನೀರು. ಮಾರ್ಚಿನ ಒದ್ದೆ ಹಿಮ ಅದಕ್ಕಿಂತ ಎಷ್ಟೋ ಭಾರ. ಹೆಚ್ಚಿನವರು ಹಿಮ ಭಾರ ಅಂತ ಎಂಜಿನ್ ವೇಗ ಇಳಿಸುತ್ತಾರೆ. ಅದು ತಪ್ಪು. ಪಿಟಿಓ ಪೂರ್ತಿ 540ರಲ್ಲೇ ಇರಲಿ, ಟ್ರ್ಯಾಕ್ಟರಿನ ನಡೆ ಮಾತ್ರ ಆಮೆಯದಾಗಲಿ. ಅರ್ಧ ಅಗಲ ಮಾತ್ರ ತಗೊಳ್ಳಿ. ಚಿಮಣಿ ಒಳಗೆ ಸಿಲಿಕೋನ್ ಸ್ಪ್ರೇ ಹೊಡೆದರೆ ಅಂಟುವುದು ಕಡಿಮೆ. ಅದಕ್ಕೂ ಬಗ್ಗದ ಹಿಮ ಆದರೆ ಬ್ಲೋವರ್ ಬಿಚ್ಚಿ ಬ್ಲೇಡ್ ಹಾಕಿ.

ಲಕ್ಷಣ: ಗಾಲಿ ಸುಮ್ನೆ ತಿರುಗುತ್ತಿದೆ, ಟ್ರ್ಯಾಕ್ಟರ್ ಹೋಗುತ್ತಿಲ್ಲ

ನಾಲ್ಕು ಗಾಲಿ ಚಾಲನೆ ಹಾಕಿದ್ದೀರಾ? ನಗಬೇಡಿ, ನಾನು ಮರೆತಿದ್ದೇನೆ. ಆಮೇಲೆ, ನೀವು ತುಂಬಾ ಹೊತ್ತು ತಳ್ಳಿದ್ದೀರಾ? ರಾಶಿ ದೊಡ್ಡದಾದಷ್ಟೂ ಗಾಲಿ ಸೋಲುತ್ತದೆ. ಹತ್ತು ಹದಿನೈದು ಅಡಿಗೊಮ್ಮೆ ಪಕ್ಕಕ್ಕೆ ಬಿಡಿ. ಡಿಫರೆನ್ಷಿಯಲ್ ಲಾಕ್ ಪೆಡಲ್ (ಹಿಂದಿನ ಎರಡೂ ಗಾಲಿ ಒಟ್ಟಿಗೇ ತಿರುಗುವ ಹಾಗೆ ಮಾಡುವುದು) ಇದ್ದರೆ ನೇರ ಹೋಗುವಾಗ ಮಾತ್ರ ಒತ್ತಿ, ತಿರುಗುವಾಗ ಬಿಡಿ.

ಲೋಡರ್ ಇರುವ ಟ್ರ್ಯಾಕ್ಟರಿಗೆ ಹಿಂದೆ ಭಾರ ಬೇಕೇ ಬೇಕು. ಬಕೆಟ್ ತುಂಬಿ ಎತ್ತಿದಾಗ ಹಿಂಭಾಗ ಹಗುರಾಗುತ್ತದೆ. ಎಳೆಯುವ ಶಕ್ತಿ ಹೋಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಹಿಂದಿನ ಬ್ಲೇಡ್, ಕಾಂಕ್ರೀಟ್ ತುಂಬಿದ ಪೆಟ್ಟಿಗೆ, ಟೈರಿನೊಳಗೆ ಹೆಪ್ಪುಗಟ್ಟದ ದ್ರವ, ಯಾವುದಾದರೂ ಆದೀತು. ಇಲ್ಲಿ ಬೀಟ್‌ರೂಟ್ ಜಾತಿಯ ಸಕ್ಕರೆ ಗೆಡ್ಡೆಯ ರಸವನ್ನು ಟೈರಿಗೆ ತುಂಬುತ್ತಾರೆ. ಅದು ಕಬ್ಬಿಣಕ್ಕೆ ತುಕ್ಕು ಹಿಡಿಸುವುದಿಲ್ಲ, ಇಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ.

ಕೊನೆಗೆ ಸರಪಳಿ. ಹಿಮದಲ್ಲಿ ಅದಕ್ಕೆ ಸಮಾನ ಇಲ್ಲ. ಆದರೆ ನೆಲ ಮೆತ್ತಗಿರುವಾಗ ಒಂದು ಸಲ ಜಾರಿದರೂ ಜಲ್ಲಿಯಲ್ಲಿ ಬಾವಿ ತೋಡುತ್ತದೆ. ನೆಲ ಬಿಗಿದ ಮೇಲೆ ಹಾಕಿ, ಮಾರ್ಚಿನಲ್ಲಿ ಕರಗಲು ಶುರುವಾದಾಗ ತೆಗೆಯಿರಿ.

ಇಳಿಜಾರಿನ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಎಷ್ಟೋ ಸಣ್ಣ ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರುವುದು ಹಿಂದಿನ ಗಾಲಿಗೆ ಮಾತ್ರ. ಬಕೆಟ್ ತುಂಬಿಕೊಂಡು ಇಳಿಯುವಾಗ ಹಿಂದಿನ ಗಾಲಿ ಹಗುರಾದರೆ ಬ್ರೇಕೇ ಇಲ್ಲದ ಹಾಗೆ. ಇಳಿಯುವಾಗಲೂ ನಾಲ್ಕು ಗಾಲಿ ಚಾಲನೆಯಲ್ಲೇ ಇರಿ, ಆಗ ಮುಂದಿನ ಗಾಲಿಗಳೂ ಹಿಡಿಯುತ್ತವೆ. ಬಕೆಟ್ ನೆಲಕ್ಕೆ ಹತ್ತಿರ ಇರಲಿ. ತಲೆ ಮೇಲಿನ ರಕ್ಷಣಾ ಚೌಕಟ್ಟು ಎತ್ತಿ ನಿಲ್ಲಿಸಿ, ಬೆಲ್ಟ್ ಹಾಕಿ. ಗ್ಯಾರೇಜಿನಿಂದ ಹೊರಗೆ ಬರಲು ಚೌಕಟ್ಟು ಮಡಚಿದವರು ಎತ್ತುವುದನ್ನು ಮರೆಯುತ್ತಾರೆ.

ಲಕ್ಷಣ: ಸ್ಟಾರ್ಟ್ ಆಗಿ ಹತ್ತು ನಿಮಿಷಕ್ಕೆ ಕೆಮ್ಮುತ್ತಾ ನಿಲ್ಲುತ್ತದೆ

ಇದು ಡೀಸೆಲ್ ಹೆಪ್ಪುಗಟ್ಟಿದ ಲಕ್ಷಣ. ನಮ್ಮ ಕಡೆ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುವುದಿಲ್ಲವೇ, ಹಾಗೇ. ಮಾಮೂಲು ಗ್ರೇಡ್ 2 ಡೀಸೆಲಿನ ಮೇಣ ಮೈನಸ್ 10 ಡಿಗ್ರಿ ಆಸುಪಾಸಿನಲ್ಲಿ ಬೇರೆಯಾಗಲು ಶುರುವಾಗಿ ಫಿಲ್ಟರ್ ಕಟ್ಟುತ್ತದೆ. ಬೇಸಿಗೆಯಲ್ಲಿ ತುಂಬಿಸಿದ ಕ್ಯಾನಿನ ಡೀಸೆಲನ್ನೇ ಜನವರಿಯಲ್ಲಿ ಹಾಕಿದರೆ ಹೀಗಾಗುವುದು ಖಂಡಿತ. ಪಾರದರ್ಶಕ ಫಿಲ್ಟರ್ ಬಟ್ಟಲಲ್ಲಿ ಮಬ್ಬು ಕಂಡರೆ ಅನುಮಾನವೇ ಬೇಡ.

ಟ್ರ್ಯಾಕ್ಟರನ್ನು ಬೆಚ್ಚಗಿನ ಜಾಗಕ್ಕೆ ಎಳೆಸಿ, ಕರಗಲು ಬಿಡಿ, ಫಿಲ್ಟರ್ ಬದಲಿಸಿ, ಚಳಿಗಾಲದ ಡೀಸೆಲ್ ತುಂಬಿಸಿ. ಹೆಪ್ಪು ತಡೆಯುವ ಔಷಧಿಯನ್ನು ಡೀಸೆಲ್ ತಿಳಿಯಾಗಿ ಇರುವಾಗಲೇ ಹಾಕಬೇಕು. ಹೆಪ್ಪಾದ ಮೇಲೆ ಅದು ಕೆಲಸ ಮಾಡುವುದಿಲ್ಲ. ಪೆಟ್ರೋಲ್ ಬೆರೆಸಬೇಡಿ. ಟಾಂಕಿಯ ಕೆಳಗೆ ಬೆಂಕಿ ಹಿಡಿಯುವವರನ್ನು ದೂರ ಕಳಿಸಿ.

ಎಂಜಿನ್ ಚೆನ್ನಾಗಿದ್ದು ಲೋಡರ್ ಮಾತ್ರ ಮೆಲ್ಲಗೆ ಏಳುತ್ತಾ, ಪಂಪು ಕೊಯ್ಯೋ ಎನ್ನುತ್ತಿದ್ದರೆ ಹೈಡ್ರಾಲಿಕ್ ಎಣ್ಣೆ ಚಳಿಗೆ ಮಂದವಾಗಿದೆ. ಕಡಿಮೆ ವೇಗದಲ್ಲಿ ಹತ್ತು ಹದಿನೈದು ನಿಮಿಷ ಓಡಲು ಬಿಡಿ, ಆದರೆ ಬಾಗಿಲು ಹಾಕಿದ ಗ್ಯಾರೇಜಿನೊಳಗೆ ಅಲ್ಲ. ಆ ಹೊಗೆ ಪ್ರಾಣ ತೆಗೆಯುತ್ತದೆ. ಬಿಸಿಯಾದ ಮೇಲೂ ಸದ್ದು ನಿಲ್ಲದಿದ್ದರೆ ಎಣ್ಣೆಯ ಮಟ್ಟ ನೋಡಿ. ಹೋಸಿನಿಂದ ಎಣ್ಣೆ ಸೋರುತ್ತಿದ್ದರೆ ಬೆರಳಿಟ್ಟು ಹುಡುಕಬೇಡಿ. ಸೂಜಿಯಷ್ಟು ತೆಳ್ಳಗಿನ ಚಿಲುಮೆ ಚರ್ಮದೊಳಗೆ ನುಗ್ಗುತ್ತದೆ. ನುಗ್ಗಿದರೆ ನೋವಿಲ್ಲದಿದ್ದರೂ ನೇರ ಆಸ್ಪತ್ರೆಗೆ ಹೋಗಬೇಕು. ಹೋಸ್ ಬದಲಿಸುವುದು ಡೀಲರ್ ಕೆಲಸ.

ಲಕ್ಷಣ: ಕಣವೇ ಗಾಜಿನ ಹಾಗಾಗಿದೆ

ಜನವರಿಯಲ್ಲಿ ಎರಡು ದಿನ ಬಿಸಿಲು ಬಂದು ಮತ್ತೆ ಚಳಿ ಬಿದ್ದರೆ ಹೀಗಾಗುತ್ತದೆ. ಉಪ್ಪು ಹಾಕಬೇಡಿ. ಡಾಂಬರಿಗೆ ಸರಿ, ಇಲ್ಲಿ ಅದು ಕಣವನ್ನೂ ಕರಗಿಸಿ, ಕೆಳಗಿನ ಮಣ್ಣನ್ನೂ ಕೆಸರು ಮಾಡುತ್ತದೆ. ಕಲ್ಲುಪ್ಪು ಮೈನಸ್ 9 ಡಿಗ್ರಿಯ ಕೆಳಗೆ ಅಷ್ಟಾಗಿ ಕೆಲಸವನ್ನೂ ಮಾಡುವುದಿಲ್ಲ. ಒರಟು ಮರಳು ಎರಚಿ. ಒಲೆಯ ಬೂದಿಯೂ ಆದೀತು, ಕೆಂಡ ಆರಿದ್ದರೆ. ಬಾಕ್ಸ್ ಬ್ಲೇಡ್ (ಹಲ್ಲುಗಳಿರುವ ಪೆಟ್ಟಿಗೆಯಂಥ ಬ್ಲೇಡ್) ಇರುವವರು ಅದರ ಹಲ್ಲುಗಳನ್ನು ಸ್ವಲ್ಪವೇ ಇಳಿಸಿ ಮಂಜುಗಡ್ಡೆಯ ಮೇಲೆ ಗೆರೆ ಎಳೆಯಬಹುದು. ಗೆರೆ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಎತ್ತಿ.

ಲಕ್ಷಣ: ದಾರಿ ದಿನೇದಿನೇ ಕಿರಿದಾಗುತ್ತಿದೆ, ರಾಶಿ ಹಾಕಲು ಜಾಗವಿಲ್ಲ

ಡಿಸೆಂಬರಿನಲ್ಲಿ ಸೋಮಾರಿತನ ಮಾಡಿದವರಿಗೆ ಫೆಬ್ರವರಿಯಲ್ಲಿ ಸಿಗುವ ಫಲ. ಮೊದಲ ರಾಶಿಗಳನ್ನು ದಾರಿಯಂಚಿನಿಂದ ನಾಲ್ಕೈದು ಅಡಿ ಆಚೆ ತಳ್ಳಬೇಕಿತ್ತು. ಈಗ ಉಳಿದಿರುವುದು ಲೋಡರಿನಿಂದ ಒಂದೊಂದೇ ಬಕೆಟ್ ಎತ್ತಿ ಸಾಗಿಸುವ ಕೆಲಸ. ಅಂಚು ಕಾಣಲು ಹಿಮ ಬೀಳುವ ಮೊದಲೇ ಹತ್ತು ಅಡಿಗೊಂದು ಕೋಲು ನೆಡಿ. ರಾಶಿಯನ್ನು ಗ್ಯಾಸ್ ಟಾಂಕಿಯ ಮೇಲೆ, ಮನೆಯ ಹೊಗೆ ಕೊಳವೆಯ ಬಾಯಿಗೆ ಹಾಕಬೇಡಿ. ಸೆಪ್ಟಿಕ್ ಗುಂಡಿಯ ಮೇಲೆ ಟ್ರ್ಯಾಕ್ಟರ್ ಓಡಿಸಬೇಡಿ. ಸಡಿಲ ಹಿಮ ಅದಕ್ಕೆ ಕಂಬಳಿ. ತುಳಿದರೆ ಚಳಿ ಕೆಳಗಿಳಿದು ಪೈಪು ಹೆಪ್ಪುಗಟ್ಟುತ್ತದೆ. ಹಿಮವನ್ನು ಸಾರ್ವಜನಿಕ ರಸ್ತೆಗೆ ಅಥವಾ ರಸ್ತೆ ದಾಟಿಸಿ ಆಚೆ ತಳ್ಳುವುದು ಮಿಶಿಗನ್‌ನಲ್ಲಿ ಕಾನೂನಿಗೆ ವಿರುದ್ಧ.

ಲಕ್ಷಣ: ಏಪ್ರಿಲ್, ಹುಲ್ಲಿನ ತುಂಬ ಜಲ್ಲಿ

ಸ್ವಲ್ಪ ಬಂದೇ ಬರುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಹುಲ್ಲು ಚಿಗುರುವ ಮೊದಲು, ನೆಲ ಒಣಗಿದ ಮೇಲೆ, ಟ್ರ್ಯಾಕ್ಟರಿಗೆ ಹಾಕುವ ಕುಂಟೆ ಹಲ್ಲಿನ ರೇಕಿನಿಂದ ದಾರಿಯ ಕಡೆಗೆ ಎಳೆಯಿರಿ. ಉಳಿದ ಚಿಕ್ಕ ಕಲ್ಲಿಗೆ ಕೈ ಪೊರಕೆ. ಹೊಸ ಜಲ್ಲಿ ಬೇಕಾದರೆ ಲಾರಿಗೆ ಆಗಲೇ ಅವಸರ ಮಾಡಬೇಡಿ. ಹಿಮ ಕರಗುವ ಕಾಲದಲ್ಲಿ ಇಲ್ಲಿನ ರಸ್ತೆಗಳ ಮೇಲೆ ಭಾರದ ಮಿತಿ ಇರುತ್ತದೆ. ಅದು ಮುಗಿಯುವವರೆಗೆ ತುಂಬಿದ ಲಾರಿ ಬರುವುದಿಲ್ಲ.